ಜೇ-ಝೀಯ '4:44' ಆಲ್ಬಂ ನಾನು ಕೇಳಿದ ರೀತಿ

ರ್‍ಯಾಪ್ ಅಂದ್ರೆ ಬರೀ ಕಾರು, ದುಡ್ಡು, ಬೈಗುಳ ಅನ್ನುವವರಿಗೆ ನಾನು ಮೊದಲು ಕೇಳಿಸೋದು ಅಮೆರಿಕದ ರ್‍ಯಾಪರ್ ಜೇ-ಝೀಯ '4:44'. 2017ರ ಜೂನ್ 30ರಂದು ಬಂತು. ಹತ್ತೇ ಹಾಡು. ಆಗ ಅವನಿಗೆ 47 ವರ್ಷ, ಹೆಸರು, ಹಣ ಎಲ್ಲಾ ಆಗಿತ್ತು. ಹಾಗಿದ್ದೂ ಮನೆಯೊಳಗಿನ ಮಾತನ್ನೆಲ್ಲ ಹೊರಗೆ ತಂದಿಟ್ಟ.

ನಾನು ಈ ಆಲ್ಬಂಗೆ ಹೋದದ್ದು ಸುತ್ತು ದಾರಿಯಲ್ಲಿ. ಮೊದಲು ಅವನದೇ 2001ರ 'ದಿ ಬ್ಲೂಪ್ರಿಂಟ್' ಆಲ್ಬಂನ 'ಸಾಂಗ್ ಕ್ರೈ' ಕೇಳಿದೆ. ಕೈಬಿಟ್ಟುಹೋದ ಹುಡುಗಿಯ ಬಗ್ಗೆ ಇರೋ ಹಾಡು. ನನ್ನ ಕಣ್ಣಲ್ಲಿ ನೀರು ಬರ್ತಿಲ್ಲ, ಅದಕ್ಕೆ ಹಾಡೇ ಅಳೋ ಹಾಗೆ ಮಾಡ್ತೀನಿ ಅನ್ನೋ ಅರ್ಥದ ಮಾತು ಅದರಲ್ಲಿದೆ. ಇದನ್ನು ತಲೆಯಲ್ಲಿ ಇಟ್ಟುಕೊಂಡು '4:44'ಗೆ ಬಂದೆ. ಮೊದಲ ಸಲ ಸಾಹಿತ್ಯ ನೋಡದೆ, ಹಾಡುಗಳ ಕ್ರಮ ಬದಲಿಸದೆ, ಹೆಡ್‌ಫೋನ್ ಹಾಕಿ ಪೂರ್ತಿ ಕೇಳಿದೆ. ಅರ್ಧಂಬರ್ಧ ಅರ್ಥವಾದರೂ ಪರವಾಗಿಲ್ಲ, ದನಿ ಸಿಗುತ್ತೆ. ಸಾಹಿತ್ಯ ಆಮೇಲೆ ಓದಿದೆ.

ನಿಜವಾಗಿ ಕಣ್ಣು ತೆರೆಸಿದ್ದು ಮೂಲ ಹಾಡುಗಳು. ಆಲ್ಬಂನ ಸಂಗೀತ ನಿರ್ಮಾಪಕ 'ನೋ ಐ.ಡಿ.' ಹಳೇ ಸೋಲ್ (ಕಪ್ಪು ಅಮೆರಿಕನ್ನರಲ್ಲಿ ಹುಟ್ಟಿದ ಗಾಯನ ಶೈಲಿ) ಹಾಡುಗಳ ತುಣುಕುಗಳನ್ನು ಇಲ್ಲಿ ತುಂಬಾ ಬಳಸಿದ್ದಾನೆ. ಶೀರ್ಷಿಕೆ ಹಾಡಿನಲ್ಲಿ ಕೇಳೋ ಹೆಣ್ಣು ದನಿ ಇಂಗ್ಲೆಂಡಿನ ಗಾಯಕಿ ಹ್ಯಾನಾ ವಿಲಿಯಮ್ಸ್‌ದು. ಅವಳ ಮೂಲ ಹಾಡನ್ನು ಬೇರೆಯಾಗಿ ಕೇಳಿ ವಾಪಸ್ ಬಂದರೆ ಗೊತ್ತಾಗುತ್ತೆ, ದಿನಾ ನಿನ್ನ ನಂಬಿಕೆ ಕೆಡಿಸ್ತಿದ್ದೀನಿ ಅಂತ ಎದೆ ಬಿರಿಯೋ ಹಾಗೆ ಕೂಗೋದು ಅವಳು, ಜೇ-ಝೀ ಮಾತ್ರ ಪಕ್ಕದಲ್ಲಿ ಕೂತವನ ಹಾಗೆ ಮೆಲ್ಲಗೆ, ಅವಸರವಿಲ್ಲದೆ ಹೆಂಡತಿ, ಗಾಯಕಿ ಬಿಯಾನ್ಸೆಯ ಹತ್ತಿರ, ಅವಳಿಗೆ ಮಾಡಿದ ದ್ರೋಹಕ್ಕೆ ಕ್ಷಮೆ ಕೇಳ್ತಾನೆ. ಅಂದರೆ ಇಲ್ಲೂ ಅವನ ಬದಲು ಹಾಡೇ ಅಳುತ್ತಿದೆ, ಅಲ್ವಾ?

ಅದೇ ಹಾಡಿನಲ್ಲಿ ಒಂದು ಕಡೆ ನಾನು ಯಾವಾಗಲೂ ನಿಲ್ಲುತ್ತೇನೆ. ಬಿಯಾನ್ಸೆಯ 21ನೇ ಹುಟ್ಟುಹಬ್ಬದ ದಿನ 'ನನ್ನವಳಾಗು' ಅನ್ನೋ ಬದಲು 'ನನ್ನ ಮರ್ಯಾದೆ ಕಳೀಬೇಡ' ಅಂದಿದ್ದನ್ನು ನೆನೆಸಿಕೊಳ್ಳುತ್ತಾನೆ. ದೊಡ್ಡ ತಪ್ಪಿಗೆ ಕ್ಷಮೆ ಕೇಳೋರು ಸಿಗ್ತಾರೆ. ಇಷ್ಟು ವರ್ಷ ಆದಮೇಲೂ ಇಂಥ ಸಣ್ಣ ಮಾತನ್ನು ಹೆಕ್ಕಿ ತೆಗೆಯೋರು ಕಡಿಮೆ.

ಆಲ್ಬಂನಲ್ಲಿ ಆಸ್ತಿ ಮಾಡಿ, ದುಡ್ಡು ಉಳಿಸಿ ಅನ್ನೋ ಭಾಗಗಳು ನನ್ನನ್ನು ಅಷ್ಟಾಗಿ ತಟ್ಟಲಿಲ್ಲ, ಅಲ್ಲಿ ತುಣುಕಾಗಿ ಬರೋ ಹಳೇ ಗಾಯಕಿ ನೀನಾ ಸಿಮೋನ್ ದನಿ ಮಾತ್ರ ಉಳಿಯಿತು.

ನನ್ನ ಸ್ನೇಹಿತರೊಬ್ಬರ ವಾದ ಬೇರೆ. ಬಿಯಾನ್ಸೆ 2016ರಲ್ಲೇ ಗಂಡನ ದ್ರೋಹದ ಬಗ್ಗೆ ಮಾತಾಡೋ 'ಲೆಮನೇಡ್' ಆಲ್ಬಂ ತಂದಮೇಲೆ ಇವನಿಗೆ ಒಪ್ಪಿಕೊಳ್ಳದೆ ಬೇರೆ ದಾರಿ ಎಲ್ಲಿತ್ತು, ಇದೇನು ಪ್ರಾಮಾಣಿಕತೆ ಅಂತ. ಶೀರ್ಷಿಕೆ ಹಾಡೊಂದೇ ಇದ್ದಿದ್ದರೆ ನಾನೂ ಹೌದು ಅನ್ನುತ್ತಿದ್ದೆ. ಆದರೆ ಇದೇ ಆಲ್ಬಂನಲ್ಲಿ 'ಸ್ಮೈಲ್' ಅನ್ನೋ ಹಾಡೂ ಇದೆ. ನಾಲ್ಕು ಮಕ್ಕಳ ತಾಯಿ ತನ್ನ ಅಮ್ಮ, ಅವರು ಲೆಸ್ಬಿಯನ್, ಸಮಾಜಕ್ಕೆ ಹೆದರಿ ವರ್ಷಗಟ್ಟಲೆ ನಟಿಸಿದರು ಅಂತ ನೇರವಾಗಿ ಹೇಳ್ತಾನೆ. ನೀನು ಪ್ರೀತಿಯಲ್ಲಿ ಬಿದ್ದೆ ಅಂತ ಗೊತ್ತಾದಾಗ ಖುಷಿಗೆ ಕಣ್ಣೀರು ಹಾಕಿದೆ, ಅದು ಗಂಡೋ ಹೆಣ್ಣೋ ನನಗೆ ಮುಖ್ಯವಲ್ಲ ಅನ್ನುತ್ತಾನೆ. 2001ರಲ್ಲಿ ಬಾರದ ಕಣ್ಣೀರು ಇದು. ಕೊನೆಗೆ ಅಮ್ಮ ಗ್ಲೋರಿಯಾ ಕಾರ್ಟರ್ ತಾವೇ ಬಂದು, ಎರಡು ಬದುಕು ಬದುಕೋದರ ಬಗ್ಗೆ ಮಾತಾಡ್ತಾರೆ. ಇದನ್ನು ಹೇಳು ಅಂತ ಅವನನ್ನು ಯಾರೂ ಮೂಲೆಗೆ ತಳ್ಳಿರಲಿಲ್ಲ.