ಹಾಲಿನ ಲೆಕ್ಕದ ಪಕ್ಕ ‘ಬೆ’ ಮತ್ತು ‘ಸಿ’

2024ರ ಮಾರ್ಚ್. ಶಿರಸಿಯ ಮಾರಿಕಾಂಬಾ ಜಾತ್ರೆಗೆ ಇನ್ನು ಹತ್ತೇ ದಿನ. ಮಷೀನಿನ ಪಕ್ಕ ರವಿಕೆಗಳ ರಾಶಿ. ಒಂದು ರವಿಕೆಗೆ ಎಡದ ತೋಳನ್ನು ಬಲಕ್ಕೆ ಕೂರಿಸಿಬಿಟ್ಟೆ. ಇಷ್ಟು ವರ್ಷದ ಹೊಲಿಗೆಯಲ್ಲಿ ಇದೇನು ಹೊಸದಲ್ಲ, ಬಿಚ್ಚಿ ಹೊಲಿದರಾಯಿತು. ಆವತ್ತು ಮಾತ್ರ ಕತ್ತರಿ ಎಸೆದು ಅಳುತ್ತಾ ಕೂತೆ. ಚಹಾ ತಂದ ಮಗಳು “ಎಂತಾ ಆತು ಆಯಿ ನಿಂಗೆ?” ಎಂದಳು. ಅವಳ ಮೇಲೂ ಹರಿಹಾಯ್ದೆ.

ನನಗಾಗ 47. ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೆ, ಒಮ್ಮೆ ಎರಡು ತಿಂಗಳಿಗೆ. ಮುಟ್ಟು ಪೂರ್ತಿ ನಿಂತ ಮೇಲೆ ಈ ತಾಪತ್ರಯವೆಲ್ಲ ಶುರು ಅಂದುಕೊಂಡಿದ್ದೆ. ಅದು ನಿಲ್ಲುವ ಕೆಲವು ವರ್ಷ ಮೊದಲೇ ಶುರುವಾಗುತ್ತದಂತೆ. ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಸುಮ್ನೆ ಇಳಿಯುವುದಿಲ್ಲ, ಏರುತ್ತಾ ಇಳಿಯುತ್ತಾ ಹೋಗುತ್ತದೆ, ಮನಸ್ಸೂ ಅದರ ಜೊತೆ ಅಲ್ಲಾಡುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಥೈರಾಯ್ಡ್ ಕೆಟ್ಟರೂ, ರಕ್ತ ಕಡಿಮೆಯಾದರೂ ಹೀಗೇ ಆಗಬಹುದು ಅಂತ ಎರಡೂ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ 9.6. ಕಬ್ಬಿಣದ ಮಾತ್ರೆ ಶುರುವಾಯಿತು.

ನಾನು ಮಾಡಿದ್ದು ಒಂದೇ ಕೆಲಸ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಗುರುತು ಹಾಕಿದೆ. ಮುಟ್ಟಾದರೆ ತಾರೀಕಿಗೆ ಸುತ್ತು. ರಾತ್ರಿ ಬೆವರಿ ಎದ್ದರೆ ‘ಬೆ’. ಸಿಟ್ಟೋ ಅಳುವೋ ಬಂದರೆ ‘ಸಿ’. “ಬೆಸಿ ಅಂದ್ರೆ ಯಾರ ಮನೆ ಹಾಲು?” ಎಂದು ಯಜಮಾನರು ಕೇಳಿದ್ದೂ ಆಯಿತು. ಎರಡು ತಿಂಗಳು ಕಳೆದು ನೋಡಿದರೆ, ‘ಸಿ’ ಹೆಚ್ಚಾಗಿ ‘ಬೆ’ಯ ಮರುದಿನವೇ! ಹಾಗಾದರೆ ಸಿಟ್ಟಿನ ಹಿಂದೆ ಬೀಳುವುದಕ್ಕಿಂತ ನಿದ್ದೆಯನ್ನೇ ಸರಿಮಾಡೋಣ ಅನ್ನಿಸಿತು.

ಪಾಲಿಯೆಸ್ಟರ್ ನೈಟಿ ಬಿಟ್ಟೆ. ಯಜಮಾನರ ಎರಡು ಹಳೇ ಪಂಚೆ ಕತ್ತರಿಸಿ, ಅಗಲ ಕತ್ತಿನ ನೈಟಿ ಹೊಲಿದುಕೊಂಡೆ. ಬೆವರು ಹೀರಲು ಅದಕ್ಕಿಂತ ಒಳ್ಳೇ ಬಟ್ಟೆ ನನಗೆ ಸಿಕ್ಕಿಲ್ಲ. ದಪ್ಪ ಕೌದಿಯ ಬದಲು ಎರಡು ತೆಳು ಹೊದಿಕೆ, ಬಿಸಿ ಏರಿದಾಗ ಒಂದನ್ನು ಒದ್ದರಾಯಿತು. ಸಂಜೆಯ ಚಹಾ ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ನೆಂಟರೆಲ್ಲ ಒಂದೆಲಗದ ತಂಬುಳಿ ಉಣ್ಣು ಎಂದರು. ಉಂಡೆ, ರುಚಿಗೆ. ಸಿಟ್ಟು ಅದಕ್ಕೇನೂ ಬಗ್ಗಲಿಲ್ಲ.

ಕೆಲಸದ ಕ್ರಮವನ್ನೂ ಬದಲಿಸಿದೆ. ‘ಬೆ’ಯ ಮರುದಿನ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಹುಕ್ಸ್ ಹಚ್ಚುವುದು, ಫಾಲ್ಸ್ ಹೊಲಿಯುವುದು, ಅಷ್ಟೇ. ಮನೆಯವರಿಗೆ “ಇವತ್ತು ‘ಬೆ’ ದಿನ” ಅಂತ ಬೆಳಿಗ್ಗೆಯೇ ಹೇಳಿಬಿಡುತ್ತೇನೆ. ಹೇಳಿದ ದಿನ ಜಗಳ ಕಡಿಮೆ.

ಎಲ್ಲರಿಗೂ ಇಷ್ಟು ಸಾಕಾಗುತ್ತದೆ ಅಂತಲ್ಲ. ಹಾರ್ಮೋನ್ ಚಿಕಿತ್ಸೆಯೂ ಇದೆ. ಸ್ತನದ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಹಾಗಾಗಿ ಡಾಕ್ಟರ ಹತ್ತಿರ ಕೂತೇ ಮಾತಾಡಬೇಕು. ಎರಡು ವಾರವಾದರೂ ಮಂಕು ಬಿಡದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಕ್ಯಾಲೆಂಡರು, ಪಂಚೆ ಅಂತ ಕೂರಬೇಡಿ. ತಕ್ಷಣ ಡಾಕ್ಟರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಹನ್ನೆರಡು ತಿಂಗಳು ಸುತ್ತು ಬೀಳದಿದ್ದರೆ ಮುಟ್ಟು ನಿಂತಿತು ಅಂತ ಲೆಕ್ಕ. ಅದಾದ ಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು. ನಾನು ಹತ್ತು ತಿಂಗಳು ಎಣಿಸಿ ಖುಷಿಯಲ್ಲಿದ್ದೆ. ಹೋದ ವಾರ ಮತ್ತೊಂದು ಸುತ್ತು ಬಿತ್ತು. ಎಣಿಕೆ ಮತ್ತೆ ಒಂದರಿಂದ.