ಕಬ್ಬಿಣದ ಬ್ಲಾಕೋ, ಅಲ್ಯೂಮಿನಿಯಂ ಬ್ಲಾಕೋ? ಹಣ ಕೊಡುವ ಮೊದಲು ಅಳೆದು ನೋಡಿ

ಹಳೆಯ ಜಿಪ್ಸಿಯನ್ನೋ ಮಾರುತಿ 800 ಅನ್ನೋ ಕೆಸರಿನ ರ‍್ಯಾಲಿಗೆಂದು ಕಡಿಮೆ ಖರ್ಚಿನಲ್ಲಿ ಸಜ್ಜುಗೊಳಿಸುವ ಹುಮ್ಮಸ್ಸು ಮಲೆನಾಡಿನ ಯುವಕರಲ್ಲಿ ಹೆಚ್ಚುತ್ತಿದೆ. ಆದರೆ ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಎಂಜಿನ್ನಿನ ಬ್ಲಾಕನ್ನು, ಅಂದರೆ ಸಿಲಿಂಡರುಗಳಿರುವ ಅದರ ಮುಖ್ಯ ಒಡಲನ್ನು ಕೊಂಡು, ಶಿವಮೊಗ್ಗದ ಲೇತ್ ಅಂಗಡಿಗೆ ಹೊತ್ತು ತಂದ ಮೇಲೆ ಅದು ಸೊಟ್ಟಗಾಗಿದೆ ಎಂದು ತಿಳಿದು ಪೆಚ್ಚಾದವರನ್ನು ನಾನು ಹಲವು ಬಾರಿ ಕಂಡಿದ್ದೇನೆ. ಆ ನಷ್ಟ ತಪ್ಪಲಿ ಎಂಬುದೇ ಈ ಲೇಖನದ ಉದ್ದೇಶ.

ಮೊದಲನೆಯದಾಗಿ, ಎಂಜಿನ್ ಯಾವ ಕೆಲಸಕ್ಕೆಂದು ಗೊತ್ತುಮಾಡಿಕೊಳ್ಳಿ. ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಟರ್ಬೊ ಕೂರಿಸುವ ಯೋಚನೆಯಿದ್ದರೆ ಕಬ್ಬಿಣದ ಬ್ಲಾಕನ್ನೇ ಆರಿಸಿ. ಒತ್ತಡ ಹೆಚ್ಚಿದಾಗಲೂ ಅದರ ಬೋರ್ (ಪಿಸ್ಟನ್ ಆಡುವ ರಂಧ್ರ) ಸುಲಭವಾಗಿ ಆಕಾರ ಕೆಡುವುದಿಲ್ಲ. ಅಲ್ಯೂಮಿನಿಯಂ ಹಗುರ ಎಂಬುದು ನಿಜ, ಅದರ ಸಾಂದ್ರತೆ ಎರಕದ ಕಬ್ಬಿಣದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಆದರೂ ನಾಲ್ಕು ಸಿಲಿಂಡರಿನ ಸಣ್ಣ ಎಂಜಿನ್‌ನಲ್ಲಿ ಹೀಗೆ ಉಳಿಯುವ ತೂಕ ಪಕ್ಕದ ಸೀಟಿನಲ್ಲಿ ಕೂರುವ ಒಬ್ಬ ಮನುಷ್ಯನ ತೂಕಕ್ಕಿಂತ ಕಡಿಮೆ.

ಎರಡನೆಯದಾಗಿ, ವಾಹನದೊಂದಿಗೆ ಬಂದ ಎಂಜಿನ್ ಯಾವುದೆಂದು ನೋಡಿ. ಮಾರುತಿ 800ರದು ಕಬ್ಬಿಣದ ಬ್ಲಾಕ್. ಜಿಪ್ಸಿ ಕಿಂಗ್‌ನ 1298 ಸಿಸಿ ಎಂಜಿನ್‌ನದು ಸಿಲಿಂಡರಿನೊಳಗೆ ಕಬ್ಬಿಣದ ಲೈನರ್ (ಒಳಕೊಳವೆ) ಇರುವ ಅಲ್ಯೂಮಿನಿಯಂ ಬ್ಲಾಕ್. ಇರುವ ಬ್ಲಾಕ್ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ದಾರಿ, ನನ್ನ ಸಲಹೆಯೂ ಅದೇ.

ಮೂರನೆಯದು ಪರೀಕ್ಷೆ. ಬಹುತೇಕರು ಎಡವುವುದು ಇಲ್ಲಿಯೇ, ಆದ್ದರಿಂದ ಇದಕ್ಕೆ ಅರ್ಧ ದಿನವಾದರೂ ಮೀಸಲಿಡಿ. ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಹಳೆಯ ಗ್ಯಾಸ್ಕೆಟ್‌ನ ಚೂರುಗಳನ್ನೆಲ್ಲ ತೆಗೆದು ಬ್ಲಾಕಿನ ಮೇಲ್ಮೈಯನ್ನು ಶುಚಿಗೊಳಿಸಿ. ಅಲ್ಯೂಮಿನಿಯಂ ಆದರೆ ಕಬ್ಬಿಣದ ಬ್ಲೇಡಿನಿಂದ ಕೆರೆಯಬೇಡಿ, ಗೀರು ಬಿದ್ದಲ್ಲಿ ಮುಂದೆ ನೀರು ಸೋರುತ್ತದೆ. ನೇರ ಅಂಚಿನ ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಮೂಲೆಗಳಿಂದ ಓರೆಯಾಗಿ ಇಟ್ಟು, ಅದರ ಅಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಿ. 0.05 ಮಿಲಿಮೀಟರಿನ ಎಲೆ ಸರಾಗವಾಗಿ ಒಳಗೆ ಹೋದರೆ ಮೇಲ್ಮೈಯನ್ನು ಹೆರೆದು ಸಮಮಾಡುವ ಫೇಸಿಂಗ್ ಮಾಡಿಸಲೇಬೇಕೆಂದು ತಿಳಿಯಿರಿ. ಒಮ್ಮೆ ನೀರು ಬತ್ತಿ ಅತಿಯಾಗಿ ಬಿಸಿಯಾದ ಅಲ್ಯೂಮಿನಿಯಂ ಬ್ಲಾಕು ಈ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ಅಲ್ಯೂಮಿನಿಯಂ ಶಾಖವನ್ನು ಬೇಗ ಹೊರಹಾಕುತ್ತದೆಂದು ನಂಬಿ ಕೊಳ್ಳುವವರು, ಬಿಸಿಗೆ ಅದು ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ ಎಂಬುದನ್ನು ಮರೆಯುತ್ತಾರೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಕೆಳ ಗೇರಿನಲ್ಲಿ ಹತ್ತುವಾಗ ಗಾಳಿ ಕಡಿಮೆ, ಶಾಖ ಹೆಚ್ಚು.

ಬಳಿಕ ಒಳವ್ಯಾಸ ಅಳೆಯುವ ಡಯಲ್ ಬೋರ್ ಗೇಜಿನಿಂದ ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಒಂದಕ್ಕೊಂದು ಅಡ್ಡವಾದ ಎರಡೆರಡು ದಿಕ್ಕುಗಳಲ್ಲಿ, ಅಂದರೆ ಒಟ್ಟು ಆರು ಕಡೆ ಅಳೆದು ಬರೆದುಕೊಳ್ಳಿ. ಅಳತೆಗಳ ನಡುವೆ 0.10 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ರಂಧ್ರವನ್ನು ಕೊರೆದು ಹಿಗ್ಗಿಸುವ ಬೋರಿಂಗ್ ಅನಿವಾರ್ಯ. ಬೆರಳಿನಿಂದ ಸವರಿ ‘ಗೀರಿಲ್ಲ, ಚೆನ್ನಾಗಿದೆ’ ಎನ್ನುವ ಮಾರಾಟಗಾರನ ಮಾತಿಗೆ ಬೆಲೆ ಕೊಡಬೇಡಿ. ಶಕ್ತಿಗಾಗಿಯೇ ಬೋರ್ ಹಿಗ್ಗಿಸುವ ಆಸೆಯೂ ಬೇಡ: 74 ಮಿಲಿಮೀಟರಿನ ಜಿಪ್ಸಿ ಬೋರನ್ನು ಅರ್ಧ ಮಿಲಿಮೀಟರ್ ಹೆಚ್ಚಿಸಿದರೆ ನಾಲ್ಕೂ ಸಿಲಿಂಡರ್ ಸೇರಿ ದೊರೆಯುವುದು ಸುಮಾರು 18 ಸಿಸಿ ಮಾತ್ರ.

ಬಿರುಕು ಹುಡುಕುವ ವಿಧಾನ ಎರಡೂ ಲೋಹಕ್ಕೆ ಒಂದೇ ಅಲ್ಲ. ಕಬ್ಬಿಣದ ಬ್ಲಾಕಿಗೆ ಅಯಸ್ಕಾಂತ ಮತ್ತು ಕಬ್ಬಿಣದ ಪುಡಿಯ ಪರೀಕ್ಷೆ ನಡೆಯುತ್ತದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಒಲಿಯದ ಕಾರಣ, ಬಿರುಕಿನೊಳಗೆ ಇಳಿಯುವ ಬಣ್ಣದ ದ್ರವವನ್ನು ಬಳಸಬೇಕು. ಕಬ್ಬಿಣದ ಬ್ಲಾಕಿನಲ್ಲಿ ಕೋರ್ ಪ್ಲಗ್ ಎಂಬ ತೆಳು ಬಿಲ್ಲೆಗಳ ಸುತ್ತ ತುಕ್ಕು ಹಿಡಿದಿದೆಯೇ ಎಂದೂ ನೋಡಿ. ಅಲ್ಯೂಮಿನಿಯಂನಲ್ಲಿ ಹೆಡ್ ಬೋಲ್ಟ್‌ಗಳ ಮರೆಗಳನ್ನು (ತಿರುಪಿನ ಗೆರೆಗಳನ್ನು) ಒಂದೊಂದಾಗಿ ಪರೀಕ್ಷಿಸಿ. ಕಿತ್ತುಹೋದ ಒಂದೆರಡು ಮರೆಗಳಿಗೆ ಹೊಸ ಮರೆ ಕೊಡುವ ತಂತಿಸುರುಳಿ, ಅಂದರೆ ಹೆಲಿಕಾಯಿಲ್ ಹಾಕಿಸಿದರೆ ಸಾಕು, ಅರ್ಧಕ್ಕರ್ಧ ಹೋಗಿದ್ದರೆ ಆ ಬ್ಲಾಕನ್ನು ಬಿಟ್ಟು ಬನ್ನಿ. ಎಪಾಕ್ಸಿ ಅಂಟು ಮೆತ್ತಿ ಬಿರುಕು ಮುಚ್ಚಿದ ಬ್ಲಾಕನ್ನಂತೂ ಉಚಿತವಾಗಿ ಕೊಟ್ಟರೂ ತರಬೇಡಿ. ರೇಡಿಯೇಟರಿಗೆ ಸುರಿಯುವ ಸೋರಿಕೆ ನಿಲ್ಲಿಸುವ ಪುಡಿಗಳೂ ಅಷ್ಟೇ, ಸೋರುವ ಜಾಗದ ಜೊತೆಗೆ ನೀರಿನ ಸಣ್ಣ ದಾರಿಗಳನ್ನೂ ಅವು ಕಟ್ಟಿಬಿಡುತ್ತವೆ.

ಎಂಜಿನ್ ಸಂಖ್ಯೆ ಬ್ಲಾಕಿನ ಮೇಲೆಯೇ ಇರುವುದರಿಂದ, ಬೇರೆ ಬ್ಲಾಕ್ ಕೊಂಡರೆ ಅದು ಮೊದಲಿದ್ದ ಹಳೆಯ ವಾಹನದ ದಾಖಲೆ ಮತ್ತು ಖರೀದಿಯ ಬಿಲ್ ಪಡೆದು, ಆರ್‌ಟಿಒ ಕಚೇರಿಯ ಅನುಮತಿಯೊಂದಿಗೆ ಆರ್‌ಸಿಯಲ್ಲಿ ಹೊಸ ಸಂಖ್ಯೆ ಸೇರಿಸಿಕೊಳ್ಳಬೇಕು. ಸಂಖ್ಯೆ ಉಜ್ಜಿಹೋದ ಬ್ಲಾಕನ್ನು ಮುಟ್ಟಬೇಡಿ.

ಬೋರಿಂಗ್ ಮತ್ತು ಬೋರಿನ ಒಳಮೈಯನ್ನು ಉಜ್ಜಿ ಹದಗೊಳಿಸುವ ಹೋನಿಂಗ್ ಕೆಲಸವನ್ನು ಲೇತಿನವರಿಗೆ ಬಿಡಿ. ಆದರೆ ಪಿಸ್ಟನ್‌ಗಳನ್ನು ಮೊದಲು ಕೊಂಡು, ಅವುಗಳ ಅಳತೆಗೆ ತಕ್ಕಂತೆ ಬೋರ್ ಮಾಡಿಸಿ.

ಜೋಡಿಸುವಾಗ ಬೋಲ್ಟ್ ರಂಧ್ರಗಳಲ್ಲಿ ಎಣ್ಣೆಯಾಗಲಿ ನೀರಾಗಲಿ ನಿಂತಿರಬಾರದು, ಬಿಗಿಯುವಾಗ ಅದರ ಒತ್ತಡಕ್ಕೇ ಬ್ಲಾಕ್ ಸೀಳಬಹುದು. ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಹಿಡಿದು, ತಯಾರಕರು ಹೇಳಿದ ಕ್ರಮದಲ್ಲಿ, ಹಂತ ಹಂತವಾಗಿ ಬಿಗಿಯಿರಿ. ಕೊನೆಗೆ, ಬ್ಲಾಕ್ ಯಾವುದೇ ಇರಲಿ, ತೋಟದ ಪಕ್ಕದ ಹಳ್ಳದ ನೀರನ್ನು ರೇಡಿಯೇಟರಿಗೆ ತುಂಬುವ ಅಭ್ಯಾಸವನ್ನು ನಿಲ್ಲಿಸಿ, ಬಟ್ಟಿ ಇಳಿಸಿದ ನೀರಿನಲ್ಲಿ ಕೂಲೆಂಟನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲೇ ಬೆರೆಸಿ ತುಂಬಿಸಿ.