ಕಣ್ಣು ಬಂದಿರಲಿಲ್ಲ, ನವೆ ಬಂದಿತ್ತು

ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ತೂಕದ ಕಾಟಾ ನೋಡಿಕೊಳ್ಳುವುದು ನನ್ನ ಕೆಲಸ. ದಿನಾ ಕಾರಟಗಿಯಿಂದ ಬೈಕಿನಲ್ಲಿ ಬರುತ್ತೇನೆ. ನೆಲ್ಲಿನ ಲಾರಿಗಳು ಸಾಲುಗಟ್ಟಿದ ದಿನ ಗೇಟಿನಲ್ಲಿ ನಿಂತರೆ ಸಂಜೆಗೆ ರೆಪ್ಪೆಕೂದಲ ಮೇಲೂ ಧೂಳು ಕೂತಿರುತ್ತದೆ.

ಮೊದಲ ಸಲ ಕಣ್ಣು ಕೆಂಪಾದಾಗ ಅವ್ವ, "ಕಣ್ಣು ಬಂದಾವ ತಮ್ಮಾ, ಹುಡುಗರ ಹತ್ರ ಹೋಗಬ್ಯಾಡ" ಅಂದಳು. ಟವೆಲ್ ಬೇರೆ, ಹಾಸಿಗೆ ಬೇರೆ. ಎರಡು ವಾರವಾದರೂ ಮನೆಯಲ್ಲಿ ಯಾರಿಗೂ ಬರಲಿಲ್ಲ, ನನ್ನದೂ ಹೋಗಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ?

ಮೆಡಿಕಲ್ ಶಾಪಿನಲ್ಲಿ ಕೇಳಿದೆ, ಒಂದು ಡ್ರಾಪ್ಸ್ ಕೊಟ್ಟರು. ಎರಡೇ ದಿನಕ್ಕೆ ಕಣ್ಣು ಬೆಳ್ಳಗಾಯಿತು. ಮುಂದಿನ ಸುಗ್ಗಿಗೂ ಅದನ್ನೇ ತಂದೆ. ಮೂರನೇ ಸಲ ಹೆಂಡತಿ ಬಿಡಲಿಲ್ಲ, ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಅವರು ಖಾಲಿ ಬಾಟಲಿ ತಿರುಗಿಸಿ ನೋಡಿ, "ಇದು ಸ್ಟಿರಾಯ್ಡ್ ರೀ. ನಾವೂ ಕೊಡ್ತೀವಿ, ಆದ್ರ ದಿನ ಎಣಿಸಿ, ಕಣ್ಣಿನ ಪ್ರೆಷರ್ ನೋಡಿಕೋತ ಕೊಡ್ತೀವಿ" ಅಂದರು. ಸುಮ್ನೆ ಹಾಕುತ್ತಾ ಹೋದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಯ ನರವೇ ಹಾಳಾಗುವ ಗ್ಲಾಕೋಮಾ ಆಗಬಹುದು, ಪೊರೆಯೂ ಬೇಗ ಬರಬಹುದು. ಪ್ರೆಷರ್ ಅಳೆದರು. ಪುಣ್ಯಕ್ಕೆ ಸರಿಯಿತ್ತು.

ಅವರು ಕೇಳಿದ ಮೊದಲ ಪ್ರಶ್ನೆಯೇ "ಉರಿನೋ, ನವೆನೋ?" ನನಗೆ ನವೆ. ಅದೂ ಎರಡೂ ಕಣ್ಣಿಗೆ, ಮೂಗಿನ ಕಡೆ ಮೂಲೆಯಲ್ಲಿ ಜಾಸ್ತಿ. ನೀರು ಸುರಿಯುತ್ತದೆ, ದಾರದಂತೆ ಬಿಳಿ ಗೀಜು ಬರುತ್ತದೆ, ಜೊತೆಗೆ ಸೀನು. ಇದು ಅಲರ್ಜಿ. ಕಣ್ಣು ಬರುವುದು ಸಾಮಾನ್ಯವಾಗಿ ಒಂದು ಕಣ್ಣಿನಲ್ಲಿ ಶುರುವಾಗಿ ಇನ್ನೊಂದಕ್ಕೆ ಹೋಗುತ್ತದೆ. ಹಳದಿ ಗೀಜಿಗೆ ಬೆಳಿಗ್ಗೆ ರೆಪ್ಪೆ ಅಂಟಿದರೆ ಸೋಂಕು ಅನ್ನಿ. ನೋವಿದ್ದರೆ, ದೃಷ್ಟಿ ಮಂಜಾದರೆ, ಬೆಳಕು ನೋಡಲು ಆಗದಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು.

ಕಾಟಾ ಪುಸ್ತಕದ ಕೊನೆ ಹಾಳೆಯಲ್ಲಿ ನವೆ ಬಂದ ದಿನಕ್ಕೊಂದು ಚುಕ್ಕೆ ಇಡತೊಡಗಿದೆ. ನವೆಂಬರ್-ಡಿಸೆಂಬರ್, ಆಮೇಲೆ ಏಪ್ರಿಲ್-ಮೇ: ಎರಡೂ ಬೆಳೆಯ ಕಟಾವಿಗೆ ಚುಕ್ಕೆ ತುಂಬಿದವು. ಅದು ಗೊತ್ತಿದ್ದದ್ದೇ. ಆದರೆ ಲಾರಿಯೇ ಬಾರದ ಸೆಪ್ಟೆಂಬರ್‌ನಲ್ಲೂ ಚುಕ್ಕೆ! ಕಾಲುವೆ ದಂಡೆ ಮೇಲೆ ಬೈಕ್ ಓಡಿಸುವಾಗ ಉತ್ತರ ಸಿಕ್ಕಿತು. ಮಳೆಗೆ ಎದ್ದ ಕಾಂಗ್ರೆಸ್ ಕಸ ಎರಡೂ ಕಡೆ ಬೆಳ್ಳಗೆ ಹೂ ಬಿಟ್ಟು ನಿಂತಿತ್ತು. ಅದರ ಪರಾಗ ಅಲರ್ಜಿಗೆ ಹೆಸರುವಾಸಿ. ಬಳ್ಳಾರಿ ಜಾಲಿಯದೂ ಅಷ್ಟೇ. ಹಿತ್ತಲಲ್ಲಿದ್ದ ಕಾಂಗ್ರೆಸ್ ಕಸವನ್ನು ಈಗ ಹೂ ಬಿಡುವ ಮೊದಲೇ ಕೀಳುತ್ತೇನೆ. ಕೈಗೆ ಗ್ಲೌಸ್ ಬೇಕೇ ಬೇಕು, ಇಲ್ಲದಿದ್ದರೆ ಚರ್ಮಕ್ಕೂ ತುರಿಕೆ.

ಬಿಡಲು ಕಷ್ಟವಾದದ್ದು ಉಜ್ಜುವ ಚಟ. ಉಜ್ಜಿದಾಗ ಆ ಕ್ಷಣಕ್ಕೆ ಸ್ವರ್ಗ. ಆದರೆ ಉಜ್ಜಿದಷ್ಟೂ ನವೆ ಹುಟ್ಟಿಸುವ ಹಿಸ್ಟಮಿನ್ ಅನ್ನೋ ರಾಸಾಯನಿಕ ಇನ್ನಷ್ಟು ಬಿಡುಗಡೆಯಾಗಿ ನವೆ ದುಪ್ಪಟ್ಟು. ವರ್ಷಗಟ್ಟಲೆ ಉಜ್ಜಿದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರದ ಆಕಾರವೇ ಕೆಡಬಹುದು. ಈಗ ಕೈ ಮೇಲೇಳುತ್ತಿದ್ದಂತೆ ಒಗೆದ ಕರ್ಚೀಫನ್ನು ತಣ್ಣೀರಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಟ್ಟುಕೊಳ್ಳುತ್ತೇನೆ. ಮೊದಮೊದಲು ಹಮಾಲರು ನಕ್ಕರು. ಈಗ ಅವರಲ್ಲೇ ಇಬ್ಬರು ಹೀಗೇ ಮಾಡುತ್ತಾರೆ.

ಡಾಕ್ಟರ್ ಬರೆದುಕೊಟ್ಟದ್ದು ಓಲೋಪಟಡಿನ್ ಅನ್ನೋ ಅಲರ್ಜಿಯ ಡ್ರಾಪ್ಸ್, ದಿನಕ್ಕೆರಡು ಸಲ. ಕಟಾವಿಗೆ ಎರಡು ವಾರ ಮೊದಲೇ ಶುರು ಮಾಡಲು ಹೇಳಿದರು. ಕೆಳರೆಪ್ಪೆ ಎಳೆದು ಒಂದೇ ಹನಿ ಹಾಕಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿಯುತ್ತೇನೆ. ಇಲ್ಲದಿದ್ದರೆ ಔಷಧಿ ಗಂಟಲಿಗಿಳಿದು ಬಾಯಿ ಕಹಿ. ಬಾಟಲಿ ತೆರೆದ ತಾರೀಖು ಅದರ ಮೇಲೇ ಬರೆದು, ತಿಂಗಳಾದ ಮೇಲೆ ಎಸೆಯುತ್ತೇನೆ.

ಬೈಕಿನಲ್ಲಿ ಪಕ್ಕವೂ ಮುಚ್ಚುವ ಕನ್ನಡಕ. ಮನೆಗೆ ಬಂದವನೇ ತಲೆಸ್ನಾನ. ಸುಗ್ಗಿಯಲ್ಲಿ ದಿಂಬಿನ ಕವರ್ ಮಾಳಿಗೆ ಮೇಲೆ ಒಣಹಾಕುವಂತಿಲ್ಲ. ಇದಕ್ಕೆ ಮಾತ್ರ ಅವ್ವ ಇನ್ನೂ ಒಪ್ಪಿಲ್ಲ.

ಕಳೆದ ನವೆಂಬರ್‌ಗೆ ನಾಲ್ಕೇ ಚುಕ್ಕೆ. ಅದರಲ್ಲಿ ಒಂದು, ಕನ್ನಡಕವನ್ನು ಟಿವಿ ಮೇಲೆ ಮರೆತು ಹೋದ ದಿನದ್ದು.